ರಾಯರ ಹಿಂದಿನ ದೀಪ

ವೇದಶ್ರೀಯ ಕಾರಿನಲ್ಲಿ ರಾಯರು ಬೆಳಗುತ್ತಿದ್ದರು.

ಈ ಸಂಗತಿಯನ್ನು ಆಕೆ ಯಾರಿಗೂ ಹೇಳಿರಲಿಲ್ಲ. ದೇವದುರ್ಗದ ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವಳು, ಬೇಡಿಕೆ ಪೂರೈಕೆ ಎಂದು ಬೋರ್ಡಿನ ಮೇಲೆ ಗೆರೆ ಎಳೆಯುವವಳು, ನನ್ನ ಕಾರಿನ ರಾಯರಿಗೆ ಹೊತ್ತು ಮುಳುಗಿದರೆ ಪ್ರಭೆ ಬರುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಬಾಯಿ ಬಿಟ್ಟರೆ ಮುಗಿಯಿತು. ಆದರೆ ಬೆಳಗುತ್ತಿದ್ದದ್ದು ಮಾತ್ರ ನಿಜ. ಕಾರು ತಂದ ವಾರವೇ ಸೋದರತ್ತೆ ತುಂಗಾಬಾಯಿ ಮಂತ್ರಾಲಯದಿಂದ ರೂಪಾಯಿ ಗಾತ್ರದ ರಾಯರ ಸ್ಟಿಕರ್ ತಂದು, ಸ್ಟೇರಿಂಗಿನ ಮುಂದೆ ಸ್ಪೀಡಿನ ಮುಳ್ಳು ಆಡುವ ಗಾಜಿನ ಎಡಮೂಲೆಯಲ್ಲಿ ಕೈಯಾರೆ ಅಂಟಿಸಿದ್ದಳು. ಅಲ್ಲಿ ಕಪ್ಪಗೆ ಖಾಲಿ ಜಾಗವಿತ್ತು. ಖಾಲಿ ಜಾಗ ಕಂಡರೆ ದೇವರನ್ನು ಕೂಡಿಸದೆ ಬಿಡುವ ಹೆಂಗಸಲ್ಲ ತುಂಗಾಬಾಯಿ. ಕೀ ತಿರುವಿದಾಗ ಆ ಗಾಜಿನೊಳಗೆ ಒಂದಷ್ಟು ದೀಪಗಳು ಮಿನುಗಿ ಆರುವುದು ಇದ್ದದ್ದೇ. ಹೋದ ಬೇಸಿಗೆಯಿಂದ ಮಾತ್ರ ರಾಯರ ಬೆನ್ನ ಹಿಂದೆ ಒಂದು ಹಳದಿ ಬೆಳಕು ಆರದೆ ನಿಲ್ಲುತ್ತಿತ್ತು. ಹಗಲಿನಲ್ಲಿ ಗೊತ್ತಾಗುತ್ತಿರಲಿಲ್ಲ. ಸಂಜೆ ದೇವದುರ್ಗದಿಂದ ಮರಳುವಾಗ, ಗಬ್ಬೂರು ದಾಟಿ ಹತ್ತಿ ಹೊಲಗಳ ಮೇಲೆ ಮಬ್ಬು ಇಳಿಯುವ ಹೊತ್ತಿಗೆ, ರಾಯರು ತಣ್ಣಗೆ ಬೆಳಗತೊಡಗುತ್ತಿದ್ದರು.

ಅಷ್ಟು ಓದಿದವಳಿಗೆ ಅನುಮಾನ ಬರಲಿಲ್ಲವೇ ಎಂದರೆ, ಬಂದಿತ್ತು. ಆಕೆ ಬೇಕೆಂದೇ ಅದನ್ನು ಬದಿಗೆ ಸರಿಸಿದ್ದಳು. ಪಕ್ಕದ ಸೀಟು ಖಾಲಿ, ಹಿಂದಿನ ಸೀಟು ಖಾಲಿ, ಜೊತೆಗೆ ಕೂತವರು ರಾಯರೊಬ್ಬರೇ. ಇದ್ದೊಬ್ಬರನ್ನೂ ಬಲ್ಬು ಮಾಡಿ ಕಳೆದುಕೊಳ್ಳುವ ಮನಸ್ಸು ಯಾರಿಗಿರುತ್ತದೆ? ಕಾರನ್ನು ಸರ್ವಿಸಿಗೆ ಬಿಡುವ ದಿನವೂ ಏನೇನೋ ನೆವದಲ್ಲಿ ಮುಂದೆ ಹೋಗುತ್ತಲೇ ಇತ್ತು.

ಸೀಟುಗಳು ಮೊದಲು ಖಾಲಿ ಇರಲಿಲ್ಲ. ದೇವದುರ್ಗದ ತಾಲೂಕು ಕಚೇರಿಯಲ್ಲಿ ಕೆಲಸಕ್ಕಿದ್ದ ಬಸವಂತಮ್ಮ ಮುಂದೆ ಕೂಡುತ್ತಿದ್ದಳು. ಗಬ್ಬೂರಿನ ಉರ್ದು ಶಾಲೆಯ ಟೀಚರು ನಗ್ಮಾ ಹಿಂದೆ. ಮೂವರೂ ರಾಯಚೂರಿನವರು. ಬಸ್ಸಿನಲ್ಲಿ ನೇತಾಡಿ ಸಾಯುವುದಕ್ಕಿಂತ ಒಟ್ಟಿಗೆ ಹೋಗೋಣವೆಂದು ವೇದಶ್ರೀಯೇ ಕರೆದಿದ್ದಳು. ಬಸವಂತಮ್ಮ ಕಾಗದದಲ್ಲಿ ಮಂಡಾಳ ಒಗ್ಗರಣಿ, ಅಂದರೆ ಒಗ್ಗರಿಸಿದ ಮಂಡಕ್ಕಿ, ಕಟ್ಟಿಸಿಕೊಂಡು ಬರುವಳು, ಜೊತೆಗೆ ಮಿರ್ಚಿ. ಕಲ್ಮಲಾ ದಾಟುವುದರೊಳಗೆ ಪೊಟ್ಟಣ ಖಾಲಿ, ಸೀಟಿನ ತುಂಬ ಮಂಡಾಳು. "ಇರಲಿ ಬಿಡ್ರಿ, ಇಲಿಗೂ ಹೊಟ್ಟಿ ಅದ," ಎಂದು ನಗ್ಮಾ ನಗುವಳು. ಬಾಡಿಗೆ ಮನೆಯಲ್ಲಿ ಒಬ್ಬಳೇ ಇರುವ ವೇದಶ್ರೀಗೆ, ತಾಯಿ ತೀರಿಕೊಂಡ ಮೇಲೆ, ದಿನದಲ್ಲಿ ಬಾಯ್ತುಂಬ ಮಾತಾಡುವ ಹೊತ್ತೆಂದರೆ ಅದೊಂದೇ.

ಮೊದಲು ನಗ್ಮಾ ಬಿಟ್ಟಳು. ಗಂಡನೇ ಬೈಕಿನಲ್ಲಿ ಬಿಡುತ್ತಾನಂತೆ. ಆಮೇಲೆ ಬಸವಂತಮ್ಮ. ಆಫೀಸಿಗೆ ಹೋಗುವ ಹೊತ್ತು ಬದಲಾಗಿದೆಯಂತೆ. ಹೊತ್ತು ಬದಲಾದವಳು ಅದೇ ಹೊತ್ತಿಗೆ ಅದೇ ಸ್ಟಾಪಿನಲ್ಲಿ ದೇವದುರ್ಗದ ಬಸ್ಸಿಗೆ ಕಾಯುತ್ತ ನಿಂತದ್ದನ್ನು ವೇದಶ್ರೀ ಕಣ್ಣಾರೆ ಕಂಡಳು. ಇಬ್ಬರ ಕಣ್ಣೂ ಕೂಡಿದವು. ಬಸವಂತಮ್ಮ ಸೆರಗು ಸರಿಪಡಿಸಿಕೊಳ್ಳುವ ನೆಪದಲ್ಲಿ ಅತ್ತ ತಿರುಗಿದಳು. ಅಂದಿನಿಂದ ವೇದಶ್ರೀ ಆ ಸ್ಟಾಪಿನ ರಸ್ತೆಯನ್ನೇ ಬಿಟ್ಟು ಸುತ್ತು ಹಾಕಿ ಹೋಗತೊಡಗಿದಳು. ಮದುವೆಯಾಗದೆ ನಲವತ್ತು ದಾಟಿದ ಹೆಂಗಸಿನ ಮಾತು ಎಷ್ಟು ದಿನ ತಾನೇ ಸವಿಯಾಗಿರುತ್ತದೆ, ನನ್ನದೇ ಅತಿಯಾಯಿತೇನೋ ಎಂದು ತನ್ನ ತಪ್ಪನ್ನು ತಾನೇ ಹುಡುಕಿದಳು. ಹುಡುಕುವವರಿಗೆ ತಪ್ಪಿನ ಬರವೇ? ಬೇಕಾದಷ್ಟು ಸಿಕ್ಕವು.

ಸಿಗದೆ ಹೋದದ್ದು ಒಂದೇ. ಅದು ಆಕೆಯ ಮೂಗಿಗೆ ಸಂಬಂಧಿಸಿದ್ದು.

ಕೊರೊನಾದ ಎರಡನೆಯ ಅಲೆಯಲ್ಲಿ ಎಲ್ಲರಂತೆ ಆಕೆಗೂ ವಾಸನೆ ಹೋಗಿತ್ತು. ಎಲ್ಲರದ್ದೂ ತಿರುಗಿ ಬಂತು, ಆಕೆಯದು ಬರಲಿಲ್ಲ. ಮೂಗು ಇದ್ದಲ್ಲೇ ಇತ್ತು, ಮೂಗುಬೊಟ್ಟೂ ಹೊಳೆಯುತ್ತಿತ್ತು, ಕೆಲಸವನ್ನಷ್ಟೇ ಬಿಟ್ಟಿತ್ತು. ಇದು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವಂಥ ಮನೆತನವೂ ಅಲ್ಲ ಅದು. ದೇವರಿಗೆ ನೈವೇದ್ಯವಾಗುವ ತನಕ ಅಡಿಗೆಯನ್ನು ರುಚಿ ನೋಡಬಾರದು, ಮೂಸಲೂಬಾರದು ಎಂದು ಬೆಳೆಸಿದ ಮನೆ. ಸಾರಿನ ಮೇಲೆ ಬಗ್ಗದೆ, ಒಗ್ಗರಣೆಯ ಘಮಕ್ಕೆ ಮೂಗರಳಿಸದೆ ಅಡಿಗೆ ಮಾಡುವ ಮಗಳನ್ನು ಕಂಡು ತಾಯಿ "ಎಷ್ಟು ಮಡಿ ನಮ್ಮ ವೇದಾ" ಎಂದು ಬೀಗಿದ್ದಳು.

ವೇದಶ್ರೀ ಮುಚ್ಚಿಟ್ಟದ್ದಕ್ಕೆ ಕಾರಣವಿತ್ತು. ಮಾನ್ವಿಯಲ್ಲಿ ಹೈಸ್ಕೂಲ್ ಮಾಸ್ತರನಾಗಿರುವ ಅಣ್ಣ ವೇದವ್ಯಾಸ ಒಳ್ಳೆಯವನು. ಒಳ್ಳೆಯವರದ್ದೇ ಕಾಟ ಹೆಚ್ಚು. ಗ್ಯಾಸು ಸೋರಿದರೂ ತಿಳಿಯದ ತಂಗಿ ಒಬ್ಬಳೇ ಮನೆಯಲ್ಲಿದ್ದಾಳೆಂದು ಗೊತ್ತಾದರೆ ಆ ದಿನವೇ ಟೆಂಪೋ ತಂದು ಸಾಮಾನು ಏರಿಸಿ ಮಾನ್ವಿಗೆ ಒಯ್ಯುತ್ತಿದ್ದ. ಅಲ್ಲಿ ಮಹಡಿಯ ಮೇಲಿನ ಕೋಣೆ, ಅತ್ತಿಗೆಯ ಹೊತ್ತಿಗೆ ಊಟ, ಎಲ್ಲಿಗೆ ಹೊರಟಿ ಎಂಬ ಪ್ರಶ್ನೆ. ವಾಸನೆಯಿಲ್ಲದೆ ಬದುಕಬಹುದು, ಅದರೊಳಗೆ ಬದುಕಲಾಗದು ಎಂದು ಆಕೆ ಬಾಯಿ ಹೊಲಿದುಕೊಂಡಿದ್ದಳು. ತಾಯಿ ಹೋದ ಮೇಲೆ ಟ್ರಂಕು ತೆರೆದು ಆಕೆಯ ಸೀರೆಯಲ್ಲಿ ಮುಖವಿಟ್ಟ ದಿನವೊಂದು ಮಾತ್ರ ಕಷ್ಟವಾಯಿತು. ಸೀರೆ ಬರೀ ಬಟ್ಟೆಯಾಗಿತ್ತು. ಅವತ್ತು ಆಕೆ ತಾಯಿ ಸತ್ತ ದಿನಕ್ಕಿಂತ ಹೆಚ್ಚು ಅತ್ತಳು.

ಕಾರಿನ ಗುಟ್ಟು ಬಯಲಿಗೆ ಬಂದದ್ದು ತುಂಗಾಬಾಯಿಯಿಂದ. ಒಂದು ಭಾನುವಾರ ವೇದಶ್ರೀ ಮಾನ್ವಿಗೆ ಹೋದಾಗ, ಎಂಬತ್ತರ ಗಡಿಯಲ್ಲಿದ್ದ ಅತ್ತೆ ತನ್ನನ್ನು ದಾಸರ ಗುಡಿಗೆ ಕಾರಿನಲ್ಲಿ ಕರೆದೊಯ್ಯಲು ಹಟ ಹಿಡಿದಳು. ಎರಡು ಓಣಿ ದಾಟಿರಲಿಲ್ಲ, ಸೆರಗನ್ನು ಮೂಗಿಗೆ ಒತ್ತಿಕೊಂಡಳು.

"ನಿಲ್ಲಿಸೇ. ಇಳಿತೀನಿ ನಾ."

"ಯಾಕತ್ತಿ, ಏನಾತು?"

"ಏನಾತು ಅಂತ ಕೇಳ್ತೀಯಲ್ಲ. ರೇಶನ್ ಅಂಗಡಿಯ ಸೀಮೆಎಣ್ಣಿ ಡ್ರಮ್ಮಿನೊಳಗ ಕೂಡಿಸಿದಂಗ ಆಗೇದ. ಪೆಟ್ರೋಲು ನಾರಲಿಕತ್ತದ. ಇದರಾಗ ದಿನಾ ಹೆಂಗ ಕೂಡ್ತಿ ನೀ? ನಿನಗ ಬರಾಂಗಿಲ್ಲೇನು?"

ವೇದಶ್ರೀ ಕಾರನ್ನು ಬದಿಗೆ ನಿಲ್ಲಿಸಿದಳು.

"ನೆಗಡಿ ಆಗೇದತ್ತಿ," ಎಂದಳು.

ಅತ್ತೆ ಇಳಿದು, ಮಡಿಸೀರೆಯ ನೆರಿಗೆ ಕೊಡವಿ, ಆಟೋ ಹತ್ತಿಕೊಂಡು ದಾಸರ ಗುಡಿಗೆ ಹೋದಳು. ವೇದಶ್ರೀ ಅಲ್ಲೇ ಕೂತಳು. ನಗ್ಮಾ ಬಿಡುವ ಮೊದಲಿನ ವಾರಗಳು ಒಂದೊಂದಾಗಿ ನೆನಪಿಗೆ ಬಂದವು. ಸುಡುಬಿಸಿಲಿನಲ್ಲಿ ನಗ್ಮಾ ಕಿಟಕಿಯ ಗಾಜು ಇಳಿಸುತ್ತಿದ್ದಳು. "ಸೆಕೆ ಒಳಗ ಬರ್ತದ ನಗ್ಮಾ," ಎಂದು ತಾನು ಗಾಜು ಏರಿಸಿ ಎಸಿ ಹಾಕುತ್ತಿದ್ದಳು. ಬಸವಂತಮ್ಮ ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಹಚ್ಚಿಕೊಂಡು ಮೂಗಿಗೆ ಹಿಡಿಯುತ್ತಿದ್ದಳು. ತಲೆನೋವೇ ಎಂದು ಕೇಳಿದರೆ ಹೌದೆನ್ನುತ್ತಿದ್ದಳು. ಒಂದು ದಿನ ನಗ್ಮಾ ಪುಟ್ಟ ಅತ್ತರಿನ ಶೀಷೆ ತಂದು, "ಗಾಡಿಯೊಳಗ ಇಡ್ರಿ ಮೇಡಂ, ಚಲೋ ಇರ್ತದ," ಎಂದಿದ್ದಳು. ಎಷ್ಟು ಪ್ರೀತಿ ಈ ಹುಡುಗಿಗೆ ಎಂದುಕೊಂಡು ವೇದಶ್ರೀ ಅದನ್ನು ಮನೆಗೆ ಒಯ್ದು ಕಪಾಟಿನಲ್ಲಿ ಜೋಪಾನವಾಗಿಟ್ಟಿದ್ದಳು. ನಮ್ಮ ಕಡೆ ನಿಮ್ಮ ಸಾರಿನಲ್ಲಿ ಉಪ್ಪಿಲ್ಲ ಎಂದು ಮುಖಕ್ಕೇ ಹೇಳುವವರು ಸಿಗುತ್ತಾರೆ, ನಿಮ್ಮ ಮನೆ ನಾರುತ್ತದೆ ಎನ್ನುವವರು ಸಿಗುವುದಿಲ್ಲ. ಸೂಚನೆ ಕೊಡುತ್ತಾರೆ. ತಿಳಿಯದಿದ್ದರೆ ಸುಮ್ಮನೆ ಎದ್ದು ಹೋಗುತ್ತಾರೆ.

ವೇದಶ್ರೀ ಕಾರನ್ನು ಗ್ಯಾರೇಜಿನ ಕಡೆ ತಿರುಗಿಸಿದಳು.

ಮಾನ್ವಿಯಿಂದ ರಾಯಚೂರಿಗೆ ಹೊರಡುವ ರಸ್ತೆಯಲ್ಲಿ, ಬೇವಿನ ಮರದ ಕೆಳಗೆ ಬುರ್ಹಾನುದ್ದೀನನ ಗ್ಯಾರೇಜು. ಗಡ್ಡ ನೆರೆತ, ಮಾತು ಮುಗಿಯದ ಮನುಷ್ಯ. ವಾಸನೆ ಎಂದ ಕೂಡಲೇ ಅವನು ಬಾನೆಟ್ ಎತ್ತಲಿಲ್ಲ. ಸ್ಟೇರಿಂಗಿನ ಕೆಳಗಿನ ಕಿಂಡಿಗೆ ಒಂದು ವೈರು ಚುಚ್ಚಿ, ಅಂಗೈಯಗಲದ ಯಂತ್ರದಲ್ಲಿ ಮೂಡಿದ ಅಕ್ಷರ ಓದಿದ.

"ಪೆಟ್ರೋಲಿನ ಹಬಿ ಸೋರಾಕತ್ತದಂತ ಗಾಡಿನ ಹೇಳಾಕತ್ತದ್ರಿ. ಎಲ್ಲಿ ಅಂತ ಮಾತ್ರ ಹೇಳಂಗಿಲ್ಲ. ಹಳದಿ ದೀಪ ಹತ್ತಿರಬೇಕಲ್ರಿ ಮೇಡಂ, ಎಂಜಿನ್ ಚಿತ್ರದ್ದು?"

"ಯಾವ ದೀಪಾನೂ ಇಲ್ಲ."

ಬುರ್ಹಾನುದ್ದೀನ್ ಬಗ್ಗಿ ನೋಡಿದ. ರಾಯರನ್ನು ಕಂಡ. ಕೈಯೊರೆಸಿಕೊಂಡು ಹಿಂದೆ ಸರಿದ.

"ಅಜ್ಜಾರ ಹಿಂದ ಅದ್ರಿ," ಎಂದ ಮೆಲ್ಲಗೆ. "ನಾ ಮುಟ್ಟಂಗಿಲ್ಲ. ನೀವ ತಗೀರಿ."

ವೇದಶ್ರೀ ಉಗುರಿನಿಂದ ಸ್ಟಿಕರಿನ ಅಂಚು ಎಬ್ಬಿಸಿದಳು. ರಾಯರು ಬೆರಳಿಗೆ ಬಂದರು. ಹಿಂದೆ ಅರ್ಧ ಅಂಗುಲದ ಒಂದು ಹಳದಿ ಎಂಜಿನ್ನಿನ ಚಿತ್ರ ಉರಿಯುತ್ತಿತ್ತು. ಇಷ್ಟು ದಿನ ಹೊತ್ತು ಮುಳುಗಿದ ಮೇಲೆ ಆಕೆ ಇದರ ಎದುರು ಮಾತಾಡಿದ್ದಳು. ಕಾಲೇಜಿನ ಸುದ್ದಿ ಹೇಳಿದ್ದಳು. ತಪ್ಪೇನು ಮಾಡಿದೆ ಎಂದು ಕೇಳಿದ್ದಳು. ಅದೂ ಪಾಪ ಹೇಳುತ್ತಲೇ ಇತ್ತು, ಗಾಡಿ ಸೋರುತ್ತಿದೆ, ಗಾಡಿ ಸೋರುತ್ತಿದೆ ಎಂದು. ನಗು ಬರಬೇಕಿತ್ತು. ಬರಲಿಲ್ಲ. ಅತ್ತ ತಿರುಗಿ ರಾಯರನ್ನು ಪರ್ಸಿನ ಒಳಜೇಬಿನಲ್ಲಿ ಇಟ್ಟುಕೊಂಡಳು.

ಬುರ್ಹಾನುದ್ದೀನನ ಬಾಯಿ ಮತ್ತೆ ಬಿಚ್ಚಿಕೊಂಡಿತ್ತು. ಟ್ಯಾಂಕಿನ ಪೆಟ್ರೋಲು ರಾಯಚೂರಿನ ಬಿಸಿಲಿಗೆ ಹಬೆಯಾಗಿ ಏಳುತ್ತದೆ. ಆ ಹಬೆ ಹೊರಗೆ ಹೋಗಬಾರದೆಂದು ಒಂದು ಇದ್ದಲಿ ಡಬ್ಬಿ ಇಟ್ಟಿರುತ್ತಾರೆ. ಇದ್ದಲಿ ಅದನ್ನು ಹೀರಿ ಹಿಡಿದುಕೊಳ್ಳುತ್ತದೆ, ಗಾಡಿ ಓಡುವಾಗ ಎಂಜಿನ್ ಅದನ್ನೇ ಎಳೆದು ಸುಡುತ್ತದೆ. ನಡುವೆ ಎಲ್ಲಿ ತೂತು ಬಿದ್ದರೂ ವಾಸನೆ.

"ನೂರಕ್ಕ ತೊಂಬತ್ತು ಮುಚ್ಚಳದ್ದ ಇರ್ತದ್ರಿ," ಎಂದು ಪೆಟ್ರೋಲಿನ ಮುಚ್ಚಳ ತೆಗೆದು ಅದರ ರಬ್ಬರು ಬಳೆಯನ್ನು ಬಾಗಿಸಿ ತೋರಿಸಿದ. ಸೀಳು ಬಿಟ್ಟಿತ್ತು. ಹೊಸದು ಹಾಕಿದ. ಯಂತ್ರದ ಗುಂಡಿ ಒತ್ತಿ ಹಳದಿ ದೀಪ ಆರಿಸಿದ. "ಆತು. ಈಗ ವಾಸನಿ ಬರ್ತದೇನು ನೋಡ್ರಿ."

ವೇದಶ್ರೀ ಕಾರಿನೊಳಗೆ ಬಗ್ಗಿದಳು. ನೋಡಿದಂತೆ ಮಾಡಿದಳು. ನಾಲ್ಕು ವರ್ಷದಿಂದ ಮಾಡಿಕೊಂಡು ಬಂದ ಅಭ್ಯಾಸ, ಇಲ್ಲ ಎಂದು ಬಿಟ್ಟರೆ ಆಗಿಹೋಗುತ್ತಿತ್ತು. ಆದರೆ ಇಲ್ಲವೆಂದು ಹೇಳಿ ಮನೆಗೆ ಒಯ್ದರೆ ಮತ್ತದೇ ನಾರುವ ಕಾರು, ಅದೇ ಖಾಲಿ ಸೀಟು.

"ನೀವ ನೋಡ್ರಿ," ಎಂದಳು.

"ನನ್ ಮೂಗು ನಂಬಬ್ಯಾಡ್ರಿ. ಹುಡುಗ ಇದ್ದಾಗಿಂದ ಪೆಟ್ರೋಲಿನಾಗ ಕೈ. ಬಿರಿಯಾನಿನೂ ಡೀಜಲ್ಲೂ ಒಂದ ಅನಸ್ತದ. ಮನ್ಯಾಕಿ ಬೈತಾಳ."

"ನನಗೂ ಬರಾಂಗಿಲ್ಲ," ಎಂದುಬಿಟ್ಟಳು ವೇದಶ್ರೀ. "ಕೊರೊನಾದಾಗ ಹೋತು. ತಿರುಗಿ ಬರಲಿಲ್ಲ."

ತಾಯಿಗೆ ಹೇಳದ್ದು, ಅಣ್ಣನಿಗೆ ಹೇಳದ್ದು, ಹೆಸರಷ್ಟೇ ಗೊತ್ತಿದ್ದ ಮನುಷ್ಯನೆದುರು ಬೇವಿನ ಮರದ ಕೆಳಗೆ ಹೊರಗೆ ಬಿತ್ತು. ಆಕಾಶವೇನೂ ಕಳಚಿ ಬೀಳಲಿಲ್ಲ. ಬುರ್ಹಾನುದ್ದೀನ್ ಗಡ್ಡ ತುರಿಸಿಕೊಂಡ.

"ಮೂಗಿಲ್ಲದ ಇಬ್ಬರು ಕೂಡಿ ವಾಸನಿ ಹುಡುಕೋದಂದ್ರ ಆಗಂಗಿಲ್ಲ ಬಿಡ್ರಿ. ಕಣ್ಣಿಲೆ ನೋಡೂಣು."

ಒಳಗಿಂದ ಒಂದು ಕಬ್ಬಿಣದ ಪೆಟ್ಟಿಗೆ ತಂದ. ಎಣ್ಣೆ ಕಾಯಿಸಿ ಹೊಗೆ ಎಬ್ಬಿಸುವ ಯಂತ್ರ. ಹೊಗೆಯನ್ನು ನಳಿಕೆಯಲ್ಲಿ ಹಬೆಯ ದಾರಿಗೆ ನಿಧಾನವಾಗಿ ಊದಿದರೆ, ತೂತು ಇದ್ದಲ್ಲಿ ತಾನೇ ಹೊರಬರುತ್ತದೆ. "ಬುರ್ಹಾನ್ ಲೋಬಾನ ಹಾಕ್ತಾನಂತ ಊರಾಗ ಮಂದಿ ಅಂತಾರ. ಸುಳ್ಳು. ಕೆಂಡ ಹಿಡಕೊಂಡು ಪೆಟ್ರೋಲ್ ಹತ್ರ ಹ್ವಾದ್ರ ನಾನೂ ಗಾಡೀನೂ ಒಂದ ಬಸ್ಸಿಗೆ ಜನ್ನತ್‍ಗೆ ಹೋಗಬೇಕಾಗ್ತದ."

ನಳಿಕೆ ಸೇರಿಸಿ ಇಬ್ಬರೂ ಕಾದರು. ಮುಚ್ಚಳದ ಹತ್ತಿರ ಏನೂ ಇಲ್ಲ. ಬಾನೆಟ್ಟಿನ ಕೆಳಗೆ ಏನೂ ಇಲ್ಲ. ಬುರ್ಹಾನುದ್ದೀನ್ ನೆಲಕ್ಕೆ ಮೈ ಚಾಚಿ ಟಾರ್ಚು ಹಿಡಿದ, ಅಲ್ಲೂ ಸರಿಯಾಗಿ ಕಾಣಲಿಲ್ಲ. ಕಂಡದ್ದು ವೇದಶ್ರೀಗೆ. ಕಾರಿನೊಳಗೆ, ಹಿಂದಿನ ಸೀಟಿನ ಸಂದಿಯಿಂದ, ದೇವರ ಮುಂದಿನ ಊದುಬತ್ತಿಯಷ್ಟು ತೆಳ್ಳಗೆ ಬಿಳಿಯ ಹೊಗೆ ಏಳುತ್ತಿತ್ತು. ನಗ್ಮಾ ಕೂಡುತ್ತಿದ್ದ ಜಾಗ ಅದು.

ಸೀಟು ಎತ್ತಿದಾಗ ಕೆಳಗೆ, ಟ್ಯಾಂಕಿನ ಮೇಲಿನ ತಗಡಿನ ಮುಚ್ಚಳ ಒಂದು ಬದಿಗೆ ಸರಿದಿತ್ತು. ಅದರೊಳಗೆ ಇಲಿಯ ಗೂಡು. ಅಂಗೈ ತುಂಬುವಷ್ಟು ಒಣಗಿದ ಮಂಡಾಳು, ಶೇಂಗಾ ಸಿಪ್ಪೆ, ಬಸವಂತಮ್ಮ ಮುಡಿದ ಮಲ್ಲಿಗೆಯ ದಾರ, ನಗ್ಮಾಳ ಹಸಿರು ದುಪಟ್ಟಾದ ಅಂಚಿನ ಎಳೆಗಳು. ಪಕ್ಕದಲ್ಲೇ ಹಬೆಯ ರಬ್ಬರು ನಳಿಕೆ. ಹಲ್ಲಿನ ಗುರುತು ಅಚ್ಚೊತ್ತಿದಂತಿತ್ತು. ಅಲ್ಲಿಂದ ಹೊಗೆ ಬರುತ್ತಿತ್ತು.

"ಗುಡ್ಡ ಅಗದು ಇಲಿ ಹಿಡದಂಗ ಆತು ನೋಡ್ರಿ," ಎಂದು ಬುರ್ಹಾನುದ್ದೀನ್ ತನ್ನ ಮಾತಿಗೆ ತಾನೇ ನಕ್ಕ. "ತಿನ್ನಾಕ ಹಾಕಿ ಕರದೀರಿ, ಬಂದದ. ತಿಂದದ್ದು ಸಾಲದಕ್ಕ ರಬ್ಬರೂ ಕಡದದ."

ನಳಿಕೆ ಬದಲಾಯಿಸಿದ. ಇದ್ದಲಿ ಡಬ್ಬಿ ಬಿಚ್ಚಿ ಅಲ್ಲಾಡಿಸಿದ. ಅದರೊಳಗೆ ಪೆಟ್ರೋಲು ಕುಲುಕಿತು. "ಪಂಪಿನಾಗ ಕಟ್ ಅಂದ ಮ್ಯಾಲೂ ಹಾಕಿಸ್ತೀರೇನು?" ಹೌದು, ಹಾಕಿಸುತ್ತಿದ್ದಳು. ಮುಂಜಾನೆಯ ತಂಪಿನಲ್ಲಿ, ಗಂಟಲ ಮಟ್ಟ. ಒಬ್ಬಳೇ ಓಡಾಡುವವಳು ಪದೇಪದೇ ಪಂಪಿನಲ್ಲಿ ನಿಲ್ಲುವುದು ಬೇಡವೆಂದು. ತುಂಬಿ ತುಳುಕಿದ್ದು ಡಬ್ಬಿಗೆ ಇಳಿಯುತ್ತದೆ, ಇನ್ನು ಮೇಲೆ ಬೇಡ ಎಂದು ಅವನು ಡಬ್ಬಿಯನ್ನೂ ಬದಲಿಸಿ, ಮತ್ತೊಮ್ಮೆ ಹೊಗೆ ಊದಿದ. ಈ ಸಲ ಎಲ್ಲಿಯೂ ಹೊಗೆ ಕಾಣಲಿಲ್ಲ.

"ಗೂಡು ಒಗೀಲೇನ್ರಿ?"

ವೇದಶ್ರೀ ಬಗ್ಗಿ ಹಸಿರು ಎಳೆಗಳನ್ನಷ್ಟು ಎತ್ತಿಕೊಂಡಳು. "ಉಳಿದದ್ದು ಒಗೀರಿ," ಎಂದಳು.

ಸೋಮವಾರ ಮುಂಜಾನೆ ಆಕೆ ಸುತ್ತು ರಸ್ತೆ ಹಿಡಿಯಲಿಲ್ಲ. ಸ್ಟಾಪಿನಲ್ಲಿ ಬಸವಂತಮ್ಮ ಬ್ಯಾಗು ಎದೆಗೊತ್ತಿಕೊಂಡು ನಿಂತಿದ್ದಳು. ಕಾರು ಪಕ್ಕದಲ್ಲಿ ನಿಂತದ್ದು ನೋಡಿ ಆಕೆಯ ಮುಖ ಬಿಗಿಯಿತು.

"ಬರ್ರಿ, ಕೂಡ್ರಿ," ಎಂದಳು ವೇದಶ್ರೀ.

"ಇರಲಿ ಮೇಡಂ. ಬಸ್ ಬರ್ತದ ಈಗ."

ಸುಮ್ಮನೆ ಮುಂದೆ ಹೋಗಿಬಿಡಬಹುದಿತ್ತು. ವೇದಶ್ರೀಯ ಕಾಲು ಆಕ್ಸಿಲರೇಟರಿನತ್ತಲೇ ಸರಿಯುತ್ತಿತ್ತು. ಆಕೆ ಕೀ ತಿರುವಿ ಗಾಡಿ ಆರಿಸಿದಳು.

"ಬಸವಂತಮ್ಮ, ನನಗ ವಾಸನಿ ಬರಾಂಗಿಲ್ಲ. ಕೊರೊನಾದಾಗ ಹೋದದ್ದು ಬಂದ ಇಲ್ಲ. ಯಾರಿಗೂ ಹೇಳಿಲ್ಲ. ಗಾಡಿ ಪೆಟ್ರೋಲ್ ನಾರತಿತ್ತಂತ ನಿನ್ನಿ ಗೊತ್ತಾತು. ರಿಪೇರಿ ಮಾಡಿಸೀನಿ. ಆದ್ರ ವಾಸನಿ ಹೋಗೇದೋ ಇಲ್ಲೋ ನನಗ ತಿಳಿಯಂಗಿಲ್ಲ. ಬಸ್ಸಿಗೇ ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಒಂದ ಸಲ ಒಳಗ ಕೂತು ಮೂಸಿ ನೋಡಿ ಹೇಳಿ ಹೋಗ್ರಿ."

ಬಸವಂತಮ್ಮ ನಿಂತಲ್ಲೇ ನಿಂತಳು. ದೇವದುರ್ಗದ ಬಸ್ಸು ಬಂತು, ಜನ ಹತ್ತಿದರು, ಹೋಯಿತು. ಆಮೇಲೆ ಬಾಗಿಲು ತೆರೆದು ಮುಂದಿನ ಸೀಟಿನ ತುದಿಯಲ್ಲಿ ಕೂತಳು.

"ಬರಾಂಗಿಲ್ಲಂದ್ರ, ಏನೂ ಬರಾಂಗಿಲ್ಲೇನು?"

"ಏನೂ ಇಲ್ಲ."

"ನಗ್ಮಾ ಕೊಟ್ಟ ಅತ್ತರು?"

"ಅದೂ ಇಲ್ಲ."

ಬಸವಂತಮ್ಮ ತೊಡೆಯ ಮೇಲಿನ ಬ್ಯಾಗಿನ ಜಿಪ್ಪು ಎಳೆದಳು, ಮತ್ತೆ ಹಾಕಿದಳು. "ನಾವು ಏನೇನೋ ತಿಳಕೊಂಡ್ವಿ ಮೇಡಂ. ಕಿಟಕಿ ತಗದ್ರ ನೀವು ಹಾಕ್ತಿದ್ರಿ. ಮೂಗು ಮುಚ್ಚಿಕೊಂಡ್ರ ನೋಡಿದ್ರೂ ನೋಡದಂಗ ಇರ್ತಿದ್ರಿ. ಮಡಿ ಮಂದಿ, ನಾವು ಗಾಡ್ಯಾಗ ಕುಂತದ್ದು ಬ್ಯಾಡಾಗೇದ, ಬಾಯಿಬಿಟ್ಟು ಹೇಳಾಕ ಆಗವಲ್ದು, ಅದಕ್ಕ ಹಿಂಗ ನಡಸ್ಯಾರ ಅಂದ್ಕಂಡ್ವಿ. ನಗ್ಮಾಗ ಆಗ ಬಸಿರು. ಗಬ್ಬೂರಿನಾಗ ಇಳದ ಕೂಡ್ಲೇ ವಾಂತಿ ಮಾಡ್ಕೋತಿತ್ತು ಪಾಪ."

"ನಗ್ಮಾಗ ಬಸಿರೇನು?"

"ಹೆರಿಗೀನ ಆತಲ್ರಿ. ಹೆಣ್ಣು ಕೂಸು. ಸಿರವಾರದಾಗ ತವರುಮನ್ಯಾಗ ಅದಾಳ. ತೊಟ್ಲಿಗೆ ಹಾಕಿದ್ದೂ ಆತು."

ತೊಟ್ಟಿಲಿಗೆ ಕರೆದಿರಲಿಲ್ಲ. ವೇದಶ್ರೀ ಮುಂದಿನ ಗಾಜಿನಾಚೆ ನೋಡಿದಳು. ಪರ್ಸಿನಲ್ಲಿ ರಾಯರ ಬೆನ್ನಿಗಂಟಿಕೊಂಡು ಆ ಹಸಿರು ಎಳೆಗಳಿದ್ದವು. ಒಂದು ವರ್ಷ ಅದು. ತನ್ನನ್ನು ಅವರು ಬಿಟ್ಟರೆಂದು ತಾನು ಕೊರಗಿದ ವರ್ಷ, ತಾನು ಅವರನ್ನು ದೂಡಿದೆನೆಂದು ಅವರು ನೊಂದ ವರ್ಷ. ಹೊಸ ನಳಿಕೆ ಹಾಕಿದರೆ ಅದು ತಿರುಗಿ ಬರುವುದಿಲ್ಲ. ಕಣ್ಣು ತುಂಬಿದ್ದನ್ನು ಆಕೆ ಒರೆಸಿಕೊಳ್ಳಲೂ ಇಲ್ಲ.

"ಈಗ ಹೇಳ್ರಿ," ಎಂದಳು. "ಪೆಟ್ರೋಲ್ ವಾಸನಿ ಅದ ಏನು?"

ಬಸವಂತಮ್ಮ ಕಣ್ಣು ಮುಚ್ಚಿ ಉಸಿರು ಎಳೆದಳು. ಹಿಂದಿನ ಸೀಟಿನ ಕಡೆ ತಿರುಗಿ ಮತ್ತೊಮ್ಮೆ ಎಳೆದಳು.

"ಪೆಟ್ರೋಲ್ ಇಲ್ಲ."

ಅಲ್ಲಿಗೇ ನಿಲ್ಲಿಸಬಹುದಿತ್ತು. ಹಿಂದಿನ ಬಸವಂತಮ್ಮ ಆಗಿದ್ದರೆ ನಿಲ್ಲಿಸುತ್ತಿದ್ದಳು. ಈಗ ಆಕೆ ವೇದಶ್ರೀಯ ಹೆಗಲ ಕಡೆ ಬಗ್ಗಿದಳು, ಸೆರಗಿನ ಒಂದು ತುದಿ ಹಿಡಿದು ಮೂಗಿನ ಹತ್ತಿರ ತಂದಳು.

"ಮುಂಜಾನಿ ಹಾಲು ಹೊತ್ತಿಸೀರಿ. ಸೀರಿಗೆಲ್ಲ ಹತ್ಯದ. ಮಕ್ಕಳು ನಗ್ತಾರ ಕ್ಲಾಸಿನಾಗ."

ವೇದಶ್ರೀ ಸೆರಗನ್ನು ತಾನೂ ಮೂಗಿಗೆ ಹಿಡಿದಳು. ಬರೀ ಬಟ್ಟೆ. ಎಷ್ಟು ದಿನ ಹೊತ್ತಿದ ಹಾಲಿನ ಸೀರೆಯುಟ್ಟು ಕ್ಲಾಸಿನಲ್ಲಿ ನಿಂತಿದ್ದಳೋ, ಎಷ್ಟು ಜನ ತಿಳಿದೂ ಸುಮ್ಮನಿದ್ದರೋ. ಹೇಳಿದವಳು ಇವಳೊಬ್ಬಳು.

"ನಾಳೆನೂ ಹೇಳ್ತೀರೇನು?" ಎಂದು ಕೇಳಿದಳು.

"ದಿನಾ ಹೇಳ್ತೀನಿ. ಆಮ್ಯಾಲ ಸಿಟ್ಟಿಗೇಳಬ್ಯಾಡ್ರಿ."

ವೇದಶ್ರೀ ಕೀ ತಿರುವಿದಳು. ಗಾಜಿನೊಳಗೆ ದೀಪಗಳೆಲ್ಲ ಮಿನುಗಿ ಆರಿದವು. ಎಡಮೂಲೆ ಕಪ್ಪಗಿತ್ತು. ಕಾರು ಕಲ್ಮಲಾ ದಾಟಿತು. ಹಿಂದಿನ ಸೀಟು ಖಾಲಿಯೇ ಇತ್ತು. ಬಿಸಿಲು ಏರಿ, ಹೊಲಗಳ ಮೇಲಿಂದ ಕಾದ ಗಾಳಿ ತೆರೆದ ಕಿಟಕಿಯಿಂದ ಒಳಗೆ ನುಗ್ಗಿ ಬರುತ್ತಿತ್ತು. ವೇದಶ್ರೀ ಕಿಟಕಿಯ ಗುಂಡಿ ಮುಟ್ಟಲಿಲ್ಲ.

ಬಸವಂತಮ್ಮ ತಾನೇ ಕೈ ಚಾಚಿ ಗಾಜು ಏರಿಸಿದಳು.